ನೀಲಿಯೋ ನೇರಳೆಯೋ

ಅವರ ಮನೆಯ ಗೇಟಿನ ಒಳಗೆ, ಕರಿಬೇವಿನ ಗಿಡದ ಬುಡದಲ್ಲಿ, ಹಳೇ ಒರಳಿನ ಗುಂಡುಕಲ್ಲೊಂದು ಬಿದ್ದಿರುತ್ತಿತ್ತು. ಮಿಕ್ಸಿ ಬಂದ ಮೇಲೆ ಮೂಲೆ ಸೇರಿದ ಸಾಮಾನು ಇರಬೇಕು ಎಂದು ಹೊಸಬರು ಅಂದುಕೊಳ್ಳುತ್ತಿದ್ದರು. ಹಾಗೇನೂ ಇಲ್ಲ, ಆ ಕಲ್ಲಿಗೆ ಕೆಲಸವಿತ್ತು. ಅದರಿಂದ ಅವರು ವಾಲ್ವ್ ಒಡೆಯುತ್ತಿದ್ದರು. ತಮ್ಮದಲ್ಲ, ಬೇರೆಯವರ ವಾಲ್ವ್.

ಹೋದ ತಿಂಗಳು ಅವರು ತೀರಿಕೊಂಡರು. ನಮ್ಮ ಕಡೆ ವಾಲ್ವ್ ಸೆಟ್ಟಿನ ಹುಚ್ಚು ಹಿಡಿದವರದ್ದೊಂದು ಬಳಗವಿದೆ. ಜಯನಗರ, ಬನಶಂಕರಿ, ಜೆ.ಪಿ. ನಗರದ ನಿವೃತ್ತರೇ ಜಾಸ್ತಿ. ಅವರೆಲ್ಲರಿಗೂ ಇವರು ಗುರು. ಬಳಗದ ಕಾರ್ಯದರ್ಶಿ ನನಗೆ ಫೋನ್ ಮಾಡಿ, "ಮೇಡಂ, ಸಾರ್ ಹೆಸರಲ್ಲಿ ಒಂದು ಸಂಚಿಕೆ ತರ್ತಿದೀವಿ. ನೀವು ಕನ್ನಡ ಚೆನ್ನಾಗಿ ಬರೀತೀರ. ಅವರ ಬಗ್ಗೆ ನಾಲ್ಕು ಒಳ್ಳೇ ಮಾತು ಬರ್ಕೊಡಿ" ಎಂದರು.

"ನಾಲ್ಕಿಲ್ಲ ಸಾರ್ ನನ್ ಹತ್ರ. ಹುಡುಕಿದ್ರೆ ಒಂದು ಸಿಗಬಹುದು" ಎಂದೆ. ತಮಾಷೆ ಅಂದುಕೊಂಡು ಅವರು ನಕ್ಕರು. ಆ ಒಂದನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ, ಒಂದು ಬಾಳೆಹಣ್ಣನ್ನು ಕೂಡ. ಅದೇ ದೊಡ್ಡ ತೊಂದರೆಯಾಗಿತ್ತು. ಪುಕ್ಕಟೆ ನೋಡಿಕೊಡುವವರನ್ನು ಯಾರು ತಾನೇ ಪ್ರಶ್ನೆ ಮಾಡುತ್ತಾರೆ?

ವಾಲ್ವ್ ಅಂದರೆ ಏನು ಎಂದು ಈಗಿನವರಿಗೆ ಸ್ವಲ್ಪ ಹೇಳಬೇಕು. ಒಳಗಿನ ಗಾಳಿಯನ್ನೆಲ್ಲ ತೆಗೆದು ಮುಚ್ಚಿದ ಗಾಜಿನ ಬುರುಡೆ ಅದು. ಹಳೇ ರೇಡಿಯೋಗಳಲ್ಲಿ, ಆಂಪ್ಲಿಫೈಯರುಗಳಲ್ಲಿ ಇರುತ್ತಿತ್ತು. ಹಾಡಿನ ಹುಚ್ಚಿರುವವರ ಮನೆಗಳಲ್ಲಿ ಈಗಲೂ ಇದೆ. ಸೆಟ್ ಹಾಕಿದ ಸ್ವಲ್ಪ ಹೊತ್ತಿಗೆ ಬುರುಡೆಯೊಳಗಿನ ತಂತಿ ಕಾದು ಕೆಂಡದ ಬಣ್ಣಕ್ಕೆ ಬರುತ್ತದೆ. ಇದು ಎಲ್ಲದರಲ್ಲೂ ಇದ್ದದ್ದೇ. ಕೆಲವದರಲ್ಲಿ ಮಾತ್ರ ಇನ್ನೊಂದು ಬೆಳಕು ಕಾಣಿಸಿಕೊಳ್ಳುತ್ತದೆ. ಗಾಜಿನ ಒಳಮೈಗೆ ಸವರಿದ ಹಾಗೆ ತೆಳ್ಳಗೆ, ನೀಲಿಯಾಗಿ. ಹಾಡು ಏರಿದರೆ ಅದೂ ಏರುತ್ತದೆ, ಇಳಿದರೆ ಇಳಿಯುತ್ತದೆ. ನೀಲಿಯಾದರೆ ಏನೂ ಹೆದರಬೇಕಾಗಿಲ್ಲ, ವಾಲ್ವ್ ಗಟ್ಟಿಮುಟ್ಟಾಗಿದೆ ಎಂದೇ ಲೆಕ್ಕ. ಆದರೆ ಆ ಬೆಳಕು ನೇರಳೆ ಹಣ್ಣಿನ ಬಣ್ಣಕ್ಕಿದ್ದರೆ ಒಳಗೆ ಗಾಳಿ ಹೊಕ್ಕಿದೆ ಎಂದರ್ಥ. ಅಂಥದ್ದನ್ನು ಸೆಟ್ಟಿನಲ್ಲಿ ಬಿಡಬಾರದು, ಸೆಟ್ಟನ್ನೇ ಸುಟ್ಟೀತು. ಆದ್ದರಿಂದ ನೀಲಿಯೋ ನೇರಳೆಯೋ ಎನ್ನುವುದು ಈ ಮಂದಿಗೆ ದೊಡ್ಡ ಪ್ರಶ್ನೆ. ಅದಕ್ಕೆ ಉತ್ತರ ಹೇಳುವ ಅಧಿಕಾರವನ್ನು ಇವರು ವಹಿಸಿಕೊಂಡಿದ್ದರು. ಯಾರೂ ಕೊಟ್ಟಿರಲಿಲ್ಲ, ಅವರೇ ವಹಿಸಿಕೊಂಡದ್ದು.

ಭಾನುವಾರ ಬೆಳಗಿನಿಂದಲೇ ಜಯನಗರದ ಅವರ ಮನೆಯ ಮುಂದೆ ಆಟೋಗಳು ನಿಲ್ಲುತ್ತಿದ್ದವು. ದೊಡ್ಡ ದೊಡ್ಡ ಹುದ್ದೆಯಲ್ಲಿದ್ದವರು ಸೆಟ್ಟನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು, ತೊಟ್ಟಿಲ ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬರುತ್ತಿದ್ದರು. ಕಿಟಕಿಗಳಿಗೆ ಕಪ್ಪು ಬಟ್ಟೆ ಹೊಡೆದ ಒಂದು ಕೋಣೆ. ಮಧ್ಯದಲ್ಲಿ ಟೀಪಾಯಿ, ಅದರ ಮೇಲೆ ಸೆಟ್ಟು. ದೀಪ ಆರಿಸಿ, ಹಾಡು ಹಾಕಿ, ಇವರು ಕುರ್ಚಿಯಲ್ಲಿ ಕೂತು ಮುಂದಕ್ಕೆ ಬಾಗುತ್ತಿದ್ದರು. ಒಂದೇ ಒಂದು ಮಾತಿಲ್ಲ. ಬಾಯಲ್ಲಿದ್ದ ಲವಂಗವನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ಹೊರಳಿಸುವ ಸದ್ದಷ್ಟೇ. ನಡುವೆ ಒಂದು ಸಲ ಒಳಗಿನವರನ್ನು ಕೂಗುತ್ತಿದ್ದರು: "ಏಯ್, ಎಲ್ಲೋದೆ? ಬಂದೋರಿಗೆ ಕುಡಿಯೋಕೇನಾದ್ರೂ ತಾರೇ!"

ಅವರ ಹೆಂಡತಿ ಬಾಗಿಲಿಗೆ ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಂದು ಕ್ಷಣ ನಿಂತು ಒಳಗೆ ನೋಡಿ ಹೋಗುತ್ತಿದ್ದರು. ಆಮೇಲೆ ಕಾಫಿಯೋ ಮಜ್ಜಿಗೆಯೋ ತಂದಿಡುತ್ತಿದ್ದರು. ಇವರು ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ ತೆರೆದು ತೀರ್ಪು ಹೇಳುತ್ತಿದ್ದರು. "ನೀಲಿ. ಬಾಳುತ್ತೆ, ತಗೊಂಡೋಗಿ." ಇಲ್ಲವೇ, "ನೇರಳೆ. ಮುಗೀತು."

ನೇರಳೆ ಎಂದರೆ ಅಷ್ಟಕ್ಕೇ ಬಿಡುತ್ತಿರಲಿಲ್ಲ. ಟವೆಲಿನಲ್ಲಿ ಹಿಡಿದು ವಾಲ್ವನ್ನು ಕಿತ್ತು, ಗೇಟಿನ ಹತ್ತಿರ ಒಯ್ದು, ಪೇಪರಿನಲ್ಲಿ ಸುತ್ತಿ, ಎಲ್ಲರ ಮುಂದೆ ಆ ಗುಂಡುಕಲ್ಲಿನಿಂದ ಕುಟ್ಟುತ್ತಿದ್ದರು. ಕೆಟ್ಟದ್ದು ಇನ್ನೊಬ್ಬರ ಸೆಟ್ಟಿಗೆ ಹೋಗಬಾರದಂತೆ, ಅದಕ್ಕೆ. ಕಾರಣ ಸರಿಯಾಗಿಯೇ ಇತ್ತು ಅನ್ನಿ. ಆದರೆ ಆ ಕಲ್ಲು ಎತ್ತುವಾಗ ಅವರ ಮುಖದಲ್ಲಿ ಒಂದು ಕಳೆ ಬರುತ್ತಿತ್ತಲ್ಲ, ಅದಕ್ಕೆ ಯಾವ ಕಾರಣವೂ ಇರಲಿಲ್ಲ. ಚಿಕ್ಕಲಸಂದ್ರದ ಗೌಡರೊಬ್ಬರು ತಮ್ಮ ತಾತನ ಕಾಲದ ರೇಡಿಯೋ ತಂದಿದ್ದರು. ಹೊಲ ಗದ್ದೆ ಎಲ್ಲ ಸೈಟಾಗಿ ಹೋದ ಮೇಲೆ ತಾತನದು ಅಂತ ಉಳಿದದ್ದು ಅದೊಂದೇ. ಅದರ ವಾಲ್ವು ನಿಜಕ್ಕೂ ಕೆಟ್ಟಿತ್ತು, ನೇರಳೆ ನನ್ನ ಕಣ್ಣಿಗೂ ಕಂಡಿತ್ತು. ಕಲ್ಲು ಬಿದ್ದಾಗ ಆ ದೊಡ್ಡ ಆಳು ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡರು. ಇವರು ನಗುತ್ತ, "ಗಾಜಿಗೆಲ್ಲ ಅಳ್ತಾರೇನ್ರೀ ಯಾರಾದ್ರೂ?" ಎಂದರು. ಸುತ್ತ ನಿಂತವರೂ ನಕ್ಕರು, ನಗದಿದ್ದರೆ ಮುಂದಿನ ಸಲ ತಮ್ಮ ಸೆಟ್ ನೋಡುತ್ತಾರೋ ಇಲ್ಲವೋ ಎಂದು.

ವಾಲ್ವ್ ಪರೀಕ್ಷೆ ಮಾಡುವ ಯಂತ್ರಗಳಿವೆ. ಬಳಗದ ಒಬ್ಬರು ಎಲ್ಲಿಂದಲೋ ಒಂದನ್ನು ಸಂಪಾದಿಸಿ, ಎಲ್ಲರಿಗೂ ಅನುಕೂಲವಾಗಲಿ ಎಂದು ತಂದಿಟ್ಟರು. ಇವರು ಅದನ್ನು ಕಾಲಿನ ಹೆಬ್ಬೆರಳಿನಿಂದ ಒಂದಿಷ್ಟು ದೂರ ತಳ್ಳಿದರು. "ಎತ್ರೀ ಇದನ್ನ ಆಚೆಗೆ. ಯಂತ್ರಕ್ಕೇನ್ ಗೊತ್ತು? ಕಣ್ಣಿರಬೇಕು ಕಣ್ರೀ, ಕಣ್ಣು!" ಇದು ಅವರ ಖಾಯಂ ಮಾತು. ಎರಡು ಬೆರಳನ್ನು ತಮ್ಮ ಎರಡು ಕಣ್ಣಿಗೂ ತೋರಿಸಿಕೊಂಡು ಹೇಳುತ್ತಿದ್ದರು. ಯಂತ್ರ ತಂದ ಬಡಪಾಯಿ ಅದನ್ನು ತಂದಿದ್ದ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಹೋದವರು ಮತ್ತೆ ಬಂದದ್ದನ್ನು ನಾನು ನೋಡಲಿಲ್ಲ.

ಅವರದು ಶಿವಭಕ್ತರ ಮನೆತನ, ಊರು ತುಮಕೂರಿನ ಕಡೆ. ಅಣ್ಣತಮ್ಮಂದಿರು ಸೇರಿ ಇಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ದಿನಾ ವಿಭೂತಿ, ದಿನಾ ಬಿಳಿ ಪಂಚೆ, ಬಿಳಿ ಜುಬ್ಬ. ಅಂಗಡಿಯಲ್ಲಿ ಸೀರೆ ಮಾರುತ್ತಿದ್ದವರು ಅಣ್ಣಂದಿರು. ಇವರು ಕಡೆಯವರೆಗೂ ಕೂತದ್ದು ಮೂಲೆಯ ಕೌಂಟರಿನಲ್ಲಿ, ಪಂಚೆ, ಟವೆಲ್ಲು, ಬನಿಯನ್ನು. ಅದನ್ನೂ ಒಂದು ಹೆಚ್ಚುಗಾರಿಕೆ ಮಾಡಿಕೊಂಡು, "ಸೀರೆ ಯಾರ್ ಬೇಕಾದ್ರೂ ಮಾರ್ತಾರೆ. ಬಿಳಿ ಮಾರೋಕೆ ಕಣ್ಣು ಬೇಕು" ಎನ್ನುತ್ತಿದ್ದರು. ನಾವೆಲ್ಲ ಹೌದೌದು ಎಂದು ತಲೆಯಾಡಿಸುತ್ತಿದ್ದೆವು.

ನಾನು ಪದ್ಮನಾಭನಗರದಲ್ಲಿ ಮಕ್ಕಳಿಗೆ ಲೆಕ್ಕದ ಟ್ಯೂಷನ್ ಹೇಳುತ್ತೇನೆ. ವಾಲ್ವಿನ ಹುಚ್ಚು ನನ್ನದಲ್ಲ, ನಮ್ಮಪ್ಪನದು. ಅವರನ್ನು ಕರೆದುಕೊಂಡು ಭಾನುವಾರ ನಾನೂ ಹೋಗುತ್ತಿದ್ದೆ, ಅಷ್ಟೇ. ಅಪ್ಪ ನನ್ನ ಜೊತೆಯಲ್ಲೇ ಇದ್ದಾರೆ. ಸರ್ಕಾರಿ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ನಿವೃತ್ತಿಯಾದ ಮೇಲೂ ಬೆಳಿಗ್ಗೆ ಬಾಲ್ಕನಿಯಲ್ಲಿ ಕೂತು ಜಲವರ್ಣದಲ್ಲಿ ಏನಾದರೊಂದು ಬರೆಯುತ್ತಿದ್ದರು. ಎದುರು ಮನೆಯ ನೀರಿನ ಟ್ಯಾಂಕು, ತಂತಿಯ ಮೇಲೆ ಒಣಹಾಕಿದ ಬಟ್ಟೆ, ತರಕಾರಿ ಗಾಡಿ. ಸಂಜೆಯಾದರೆ ಅವರ ಸೆಟ್ಟು. ಎಡಗಡೆಗೊಂದು, ಬಲಗಡೆಗೊಂದು, ಎರಡು ದೊಡ್ಡ ವಾಲ್ವ್. ನಾಗಸ್ವರ ಹಾಕಿ, ಹಾಲ್‌ನ ದೀಪ ಆರಿಸಿ ಕೂರುತ್ತಿದ್ದರು. ಎರಡು ಗಾಜಿನಲ್ಲೂ ನೀಲಿ ಎದ್ದು ತೂಗುತ್ತಿತ್ತು. "ಈ ನೀಲಿ ಯಾವ್ ಪೇಂಟ್ ಡಬ್ಬೀಲೂ ಸಿಗಲ್ಲ ಕಣೇ. ನಾಲ್ಕು ಬಣ್ಣ ಕಲಸಿ ನೋಡ್ದೆ, ಬರ್ಲಿಲ್ಲ" ಎನ್ನುತ್ತಿದ್ದರು. ನನಗೆ ಅಡುಗೆಮನೆಯಲ್ಲಿ ಸಾರು ಕುದಿಯುತ್ತಿರುತ್ತಿತ್ತು, ಹೂಂ ಅಂದುಕೊಂಡು ಹೋಗುತ್ತಿದ್ದೆ.

ಅಪ್ಪನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಆಮೇಲೆ ಒಂದು ಸಂಜೆ, "ನೀಲಿ ಯಾಕೋ ಜಾಸ್ತಿ ಕಾಣ್ತಿದೆ. ಒಂದ್ಸಲ ಸಾರ್‌ಗೆ ತೋರಿಸ್ಕೊಂಡು ಬರೋಣ" ಎಂದರು. ಪೊರೆ ತೆಗೆದ ಕಣ್ಣಿಗೆ ನೀಲಿ ಚೆನ್ನಾಗಿ ಕಾಣುತ್ತದೆ, ಡಾಕ್ಟರೇ ಹೇಳಿ ಕಳಿಸಿದ್ದರು. ಅದನ್ನೇ ನಾನೂ ಹೇಳಿದೆ. ಆದರೆ ಅಪ್ಪನಿಗೆ ಸಾರ್ ಹೇಳಿದರೇ ಸಮಾಧಾನ. ಅವರ ಮೇಲೆ ಅಷ್ಟು ಭಕ್ತಿ.

ಏಪ್ರಿಲ್ ತಿಂಗಳ ಮಧ್ಯಾಹ್ನ. ಆಟೋದಲ್ಲಿ ಸೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಹೋದೆವು. ಅವರ ಹೆಂಡತಿ ಗೇಟಿನ ಹತ್ತಿರವೇ ಚಾಪೆ ಹಾಸಿ ಸಂಡಿಗೆ ಒಣಗಿಸುತ್ತಿದ್ದರು. ಅಪ್ಪ ಬೆವರು ಒರೆಸಿಕೊಳ್ಳುತ್ತ, "ಅಮ್ಮಾ, ಇವತ್ತು ಕಾಫಿ ಬೇಡ. ಬಿಸಿಲಿಗೆ ಗಂಟಲೆಲ್ಲ ಒಣಗೋಗಿದೆ, ಒಂದು ಲೋಟ ಮಜ್ಜಿಗೆ ಕೊಡಿ ಸಾಕು" ಎಂದರು. "ಅದಕ್ಕೇನ್ ಮೇಷ್ಟ್ರೇ, ಕೊಡ್ತೀನಿ" ಎಂದು ಆಕೆ ಒಳಗೆ ಹೋದರು. ಇವರು ಆಗಲೇ ಕತ್ತಲೆ ಕೋಣೆಯಲ್ಲಿ ಬಳಗದವರ ಮಧ್ಯೆ ಕೂತಿದ್ದರು.

ಸೆಟ್ ಹಾಕಿದೆವು. ನಾಗಸ್ವರ ಶುರುವಾಯಿತು, ಎರಡು ವಾಲ್ವಿನಲ್ಲೂ ನೀಲಿ ಎದ್ದಿತು. ಇವರು ಬಾಗಿ ನೋಡಿದರು. ಕೂಗಿದರು. ಹೆಂಡತಿ ಬಾಗಿಲಲ್ಲಿ ಒಂದು ಕ್ಷಣ ನಿಂತು ಹೋದರು. ಮಜ್ಜಿಗೆ ಬಂತು. ಇವರು ಲೋಟವನ್ನು ನೋಡಿ, ಕಣ್ಣು ಮುಚ್ಚಿ ತೆರೆದು, "ನೇರಳೆ. ಎರಡೂ ಹೋಗಿದೆ" ಎಂದರು.

ಅಪ್ಪ ಮೆತ್ತಗೆ, "ನೀಲಿ ಅಲ್ವಾ ಸಾರ್?" ಎಂದರು. ನನಗೆ ಸುಮ್ಮನಿರಲಾಗಲಿಲ್ಲ. "ನೀಲಿನೇ ಸಾರ್, ಎಲ್ರಿಗೂ ಕಾಣ್ತಿದೆಯಲ್ಲ" ಎಂದೆ. ಎಲ್ಲರಿಗೂ ಎನ್ನುವಾಗ ಬಳಗದವರ ಕಡೆ ನೋಡಿದೆ. ಎಲ್ಲರ ಕಣ್ಣೂ ಸಾರ್ ಮುಖದ ಮೇಲಿತ್ತು. ಸಾರ್ ನೇರಳೆ ಎಂದ ಮೇಲೆ ಅವರಿಗೂ ನೇರಳೆಯೇ ಕಂಡಿರಬೇಕು.

"ಹೆಣ್ಮಕ್ಕಳಿಗೆ ಸೀರೆ ಬಣ್ಣ ಗೊತ್ತಿರುತ್ತೆ ಮೇಡಂ. ಇದು ಸೀರೆ ಅಲ್ಲ" ಎಂದರು. ಆಮೇಲೆ ಅಪ್ಪನ ಕಡೆ ತಿರುಗಿದರು. "ಏನ್ ಮೇಷ್ಟ್ರೇ, ಜೀವಮಾನ ಎಲ್ಲಾ ಮಕ್ಕಳಿಗೆ ಬಣ್ಣ ಕಲಿಸಿದೀರಂತೆ. ನೀಲಿ ಯಾವುದು ನೇರಳೆ ಯಾವುದು ಗೊತ್ತಾಗಲ್ವಾ? ಆಪರೇಷನ್ ಮಾಡಿದೋರು ಕಣ್ಣೇ ಕಿತ್ಕೊಂಡ್ರೋ ಹೇಗೆ? ಒಂದ್ಸಲ ತೋರಿಸ್ಕೊಳ್ಳಿ."

ಕೋಣೆಯಲ್ಲಿ ನಗು ಎದ್ದಿತು. ಅಪ್ಪನೂ ನಕ್ಕರು. ಆ ನಗುವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಗೇಟಿನ ಹತ್ತಿರ ಹೋದೆವು. ಮೊದಲನೇ ವಾಲ್ವ್ ಪೇಪರಿನೊಳಗೆ ಫಟ್ ಎಂದಿತು. ಎರಡನೆಯದನ್ನು ಸುತ್ತಿ ನೆಲದ ಮೇಲಿಟ್ಟು ಕಲ್ಲು ಎತ್ತಿದ್ದರು, ಅಷ್ಟರಲ್ಲಿ ಅವರ ಹೆಂಡತಿ ಒಳಗಿನಿಂದ ಓಡಿಬಂದರು. ಕೈಯಲ್ಲಿ ಕಾಫಿ ಲೋಟ, ಅರ್ಧ ಕೈಮೇಲೆಯೇ ಚೆಲ್ಲಿಕೊಂಡಿದ್ದರು. "ರೀ! ಕಾಫಿ! ಕಾಫಿ ತಂದಿದೀನಿ ಕಣ್ರೀ!"

ಮನೆಗೆ ಬೆಂಕಿ ಬಿದ್ದವರ ಹಾಗೆ ಕಾಫಿ ಕಾಫಿ ಎಂದು ಕೂಗುವ ಹೆಂಗಸನ್ನು ನಾನು ಮೊದಲ ಸಲ ನೋಡಿದ್ದು. ಇವರ ಕೈ ಮೇಲೆಯೇ ನಿಂತಿತು. ಹೆಂಡತಿಯ ಮುಖ ನೋಡಿದರು. ಲೋಟ ನೋಡಿದರು. ಕಲ್ಲನ್ನು ಮೆಲ್ಲಗೆ ಕೆಳಗಿಟ್ಟು, ಉಳಿದ ವಾಲ್ವನ್ನು ಅಪ್ಪನ ಕೈಗೆ ಕೊಟ್ಟರು. "ಇದು ಪರವಾಗಿಲ್ಲ, ಇಟ್ಕೊಳ್ಳಿ" ಎಂದು ಒಳಗೆ ಹೋದರು. ಈಗಷ್ಟೇ ಎರಡೂ ಹೋಗಿದೆ ಎಂದವರು! ನನಗೆ ತಲೆ ಬುಡ ಅರ್ಥವಾಗಲಿಲ್ಲ. ಅಪ್ಪ ಆ ವಾಲ್ವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಆಟೋ ಹತ್ತಿದರು.

ಮರುದಿನದಿಂದ ಅಪ್ಪ ಬಣ್ಣ ಮುಟ್ಟಲಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಏನೂ ತೊಂದರೆಯಿಲ್ಲ, ವಯಸ್ಸಿಗೆ ಸೊಗಸಾದ ಕಣ್ಣು ಎಂದರು. ಅಪ್ಪ ಹೊರಗೆ ಬಂದು, "ಅವರಿಗೇನು, ಅಕ್ಷರ ಓದಿಸಿ ನೋಡ್ತಾರೆ. ಬಣ್ಣ ತಪ್ಪಿರೋದು ಅವರಿಗೆ ಗೊತ್ತಾಗಲ್ಲ" ಎಂದರು. ಬಾಲ್ಕನಿಯಲ್ಲಿ ಬ್ರಷ್ಷುಗಳು ಒಣಗಿ ಕಡ್ಡಿಯಾದವು. ಸೊಪ್ಪಿನವಳು ಬಂದರೆ, "ಇದು ಬೀಟ್‌ರೂಟಾ, ಮೂಲಂಗಿಯಾ?" ಎಂದು ಬೇಕೆಂದೇ ಕೇಳಿ ನಗಾಡುತ್ತಿದ್ದರು. ಸೆಟ್ಟಿಗೆ ಎರಡೂ ಕಡೆ ಹೊಸ ವಾಲ್ವ್ ತರಿಸಿ ಹಾಕಿಸಿದೆ. ಅದರಲ್ಲಿ ಬರೀ ಕೆಂಡದ ಬಣ್ಣ, ನೀಲಿ ಬರುತ್ತಿರಲಿಲ್ಲ. ಅಪ್ಪ ದೀಪ ಆರಿಸುವುದನ್ನೂ ಬಿಟ್ಟರು. ಉಳಿದ ಆ ಒಂದು ವಾಲ್ವನ್ನು ಒಂದು ಕಾಲುಚೀಲದಲ್ಲಿ ಹಾಕಿ ಬೀರುವಿನಲ್ಲಿಟ್ಟರು.

ನಾನು ಇವರಿಗೆ ಫೋನ್ ಮಾಡಿದೆ. ಜಗಳಕ್ಕಲ್ಲ, ನಿಜವಾಗಿಯೂ ಬೇಡಿಕೊಳ್ಳುವುದಕ್ಕೆ. "ಸಾರ್, ವಾಲ್ವ್ ಹೋದ್ರೆ ಹೋಗ್ಲಿ. ಅಪ್ಪ ಚಿತ್ರ ಬರಿಯೋದೇ ಬಿಟ್ಟಿದಾರೆ. ಅದು ನೀಲಿನೂ ಇದ್ದಿರಬಹುದು ಅಂತ ಒಂದೇ ಒಂದು ಮಾತು ಹೇಳಿ ಸಾಕು. ನೀವು ಹೇಳಿದ್ರೆ ನಂಬ್ತಾರೆ."

"ನಾನು ಒಂದ್ಸಲ ಹೇಳಿದ್ದು ಹೇಳಿದ್ದೇ ಮೇಡಂ" ಎಂದು ಇಟ್ಟುಬಿಟ್ಟರು. ಆಮೇಲೆ ಎರಡು ಸಲ ಮನೆಗೆ ಹೋದೆ. ಒಂದು ಸಲ ಪೂಜೆಯಲ್ಲಿದ್ದರು. ಇನ್ನೊಂದು ಸಲ ಕಿಟಕಿಯಿಂದ ಕಂಡರು, ಆದರೆ ಮನೆಯಲ್ಲಿರಲಿಲ್ಲ. ಹಾಗೇ ಸತ್ತರು. ಸುದ್ದಿ ಕೇಳಿದಾಗ ನನಗೆ ಬಂದದ್ದು ಅಳುವಲ್ಲ, ಸಿಟ್ಟು. ಆ ಒಂದು ಮಾತನ್ನು ತಮ್ಮ ಜೊತೆಗೇ ಕಟ್ಟಿಕೊಂಡು ಹೋದರಲ್ಲ ಎಂದು. ಶಿವಗಣಾರಾಧನೆಗೆ ಬಳಗದವರೆಲ್ಲ ಹೋಗಿ ಪ್ರಸಾದ ತೆಗೆದುಕೊಂಡು ಬಂದರು, ನಾನು ಹೋಗಲಿಲ್ಲ. ಅಪ್ಪ ಹೋಗಿಬಂದು, "ಫೋಟೋದಲ್ಲಿ ಚೆನ್ನಾಗಿ ಬಂದಿದಾರೆ" ಎಂದರು.

ಹೋದ ಗುರುವಾರ ಮಧ್ಯಾಹ್ನ ಅವರ ಹೆಂಡತಿ ಆಟೋದಲ್ಲಿ ಒಬ್ಬರೇ ನಮ್ಮ ಮನೆಗೆ ಬಂದರು. ಅಪ್ಪ ಒಳಗೆ ಮಲಗಿದ್ದರು. ಆಕೆ ಹಾಲ್‌ನಲ್ಲಿ ಕೂರಲಿಲ್ಲ, ಸೀದಾ ಅಡುಗೆಮನೆಗೆ ಬಂದು ಕಟ್ಟೆಗೆ ಒರಗಿ ನಿಂತರು. ಸುತ್ತಿ ಬಳಸಿ ಮಾತಾಡಲೂ ಇಲ್ಲ.

"ಅವರಿಗೆ ನೀಲಿಗೂ ನೇರಳೆಗೂ ವ್ಯತ್ಯಾಸ ಕಾಣ್ತಿರ್ಲಿಲ್ಲ ಕಣಮ್ಮಾ. ಎರಡೂ ಒಂದೇ ಥರ ಕಾಣ್ತಿತ್ತಂತೆ. ಹುಟ್ಟಿದಾಗಿಂದ."

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ಮತ್ತೆ ಇಷ್ಟು ವರ್ಷ ಹೇಗೆ ಹೇಳ್ತಿದ್ರು ಆಂಟಿ?"

"ನಾನು ಬಾಗಿಲಲ್ಲಿ ನಿಂತು ನೋಡ್ತಿದ್ದೆನಲ್ಲ. ನೀಲಿ ಇದ್ರೆ ಕಾಫಿ ತರ್ತಿದ್ದೆ. ನೇರಳೆ ಇದ್ರೆ ಮಜ್ಜಿಗೆ."

ಅಯ್ಯೋ ಶಿವನೇ! ಬಳಗದಲ್ಲಿ ಅದೊಂದು ತಮಾಷೆಯ ಮಾತೇ ಆಗಿತ್ತು. ಮಜ್ಜಿಗೆ ಬಂತು ಅಂದ್ರೆ ಮುಗೀತು ಗುರು, ಎಂದು ಗೇಟಿನ ಹತ್ತಿರ ಹೇಳಿಕೊಂಡು ನಗುತ್ತಿದ್ದರು. ಕೆಟ್ಟ ಸುದ್ದಿ ಕೇಳಿದವರ ಹೊಟ್ಟೆ ತಣ್ಣಗಿರಲಿ ಎಂದು ಆ ತಾಯಿ ಮಜ್ಜಿಗೆ ಕೊಡುತ್ತಾರೆ ಎಂದು ವಿವರಣೆ ಬೇರೆ. ಸುದ್ದಿ ಬರುವುದಕ್ಕೆ ಮೊದಲೇ ಮಜ್ಜಿಗೆ ಬರುತ್ತಿತ್ತು ಎನ್ನುವುದು ಇಷ್ಟೊಂದು ಓದಿದವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಎಲ್ಲರೂ ಆ ಎರಡು ಕಣ್ಣನ್ನೇ ನೋಡುತ್ತ ಕೂತಿದ್ದರು.

ಆಮೇಲೆ ನನಗೆ ಆ ದಿನ ನೆನಪಾಯಿತು. ಸಂಡಿಗೆ, ಚಾಪೆ, ಅಪ್ಪ ಬೆವರು ಒರೆಸಿಕೊಂಡದ್ದು. "ಆಂಟಿ, ಅವತ್ತು ಮಜ್ಜಿಗೆ ಕೇಳಿದ್ದು ಅಪ್ಪನೇ..."

"ಹೂಂ ಕಣಮ್ಮಾ. ವಯಸ್ಸಾದೋರು, ಬಾಯ್ಬಿಟ್ಟು ಕೇಳಿದಾರೆ. ಇಲ್ಲ ಅನ್ನೋಕಾಗುತ್ತಾ? ಮೊದಲು ಮೇಷ್ಟ್ರಿಗೆ ಮಜ್ಜಿಗೆ ಕೊಟ್ಟು, ಹಿಂದೇನೇ ನಮ್ಮೋರಿಗೆ ಕಾಫಿ ತಂದಿಡೋಣ ಅಂದ್ಕೊಂಡೆ. ಹಾಲು ಒಲೆ ಮೇಲಿತ್ತು, ಉಕ್ಕೋಕೆ ತಡ ಆಯ್ತು. ಕಲ್ಲಿನ ಸದ್ದು ಕೇಳ್ತು. ಓಡಿಬಂದೆ."

"ಕಾಫಿ ಅಂತ ಕೂಗಿದ್ರಿ."

"ಇನ್ನೇನಂತ ಕೂಗ್ಲಿ ಅಷ್ಟು ಜನದ ಮುಂದೆ? ಅವರಿಗೆ ಅರ್ಥ ಆಯ್ತು. ಅದಕ್ಕೇ ಇನ್ನೊಂದು ಉಳೀತು."

ಅರ್ಥ ಆಯ್ತು. ಇದೊಂದು ಮಾತು ನನ್ನ ಎದೆಗೆ ಬಂದು ಕೂತಿತು. ಅದುವರೆಗೂ ಅವರನ್ನು ಹಟಮಾರಿ ಅಂದುಕೊಂಡಿದ್ದೆ. ತಪ್ಪು ತಿಳಿದವರು ತಪ್ಪು ಹೇಳಿದರು, ಹೋಗಲಿ ಬಿಡು ಎಂದು ಎಂದಾದರೂ ಅನಿಸುತ್ತಿತ್ತೋ ಏನೋ. ಆದರೆ ಅವರಿಗೆ ಗೊತ್ತಿತ್ತು. ಕಲ್ಲು ಕೆಳಗಿಟ್ಟ ಆ ಕ್ಷಣದಿಂದಲೇ ಗೊತ್ತಿತ್ತು. ಗೊತ್ತಿದ್ದೂ ನಮ್ಮಪ್ಪನನ್ನು ಆಟೋ ಹತ್ತಿಸಿದರು, ನಾನು ಫೋನಿನಲ್ಲಿ ಅಷ್ಟು ಬೇಡಿಕೊಂಡಾಗ ಹೇಳಿದ್ದು ಹೇಳಿದ್ದೇ ಎಂದರು.

"ನಾನು ಎಷ್ಟೋ ಸಲ ಹೇಳ್ದೆ, ಮೇಷ್ಟ್ರಿಗೆ ಒಂದು ಫೋನ್ ಮಾಡ್ರೀ ಅಂತ" ಎಂದರು ಆಕೆ. "‘ಏನಂತ ಹೇಳ್ಲಿ, ನಂಗೆ ಬಣ್ಣ ಕಾಣಲ್ಲ ಅಂತನಾ?’ ಅಂತ ರೇಗ್ತಿದ್ರು. ನಾನು ಹೇಳೋ ಹಾಗಿರ್ಲಿಲ್ಲ. ಅವರು ಇರೋತನಕ ಅದು ಅವರ ಮರ್ಯಾದೆ. ಈಗ ಹೇಳೋಣ ಅಂತ ಬಂದೆ." ಅಪ್ಪ ಮಲಗಿದ್ದ ಕೋಣೆಯ ಕಡೆ ನೋಡಿ, "ಮಜ್ಜಿಗೆ ವಿಷಯಾನೂ ಹೇಳ್ಬೇಕಾ?" ಎಂದು ಕೇಳಿದರು.

ನಾನು ಯೋಚಿಸಲಿಲ್ಲ. "ಅದೊಂದು ಬೇಡ ಆಂಟಿ" ಎಂದೆ. ಅಪ್ಪನನ್ನು ನಾನು ಬಲ್ಲೆ. ಬಾಯಾರಿಕೆಗೆ ಮಜ್ಜಿಗೆ ಕೇಳಿದ್ದೇ ತಪ್ಪಾಯಿತು ಎಂದು ಅದನ್ನೊಂದು ಹೊಸ ಪಾಪ ಮಾಡಿಕೊಂಡು ಕೊರಗುತ್ತಾರೆ. ಈ ಸಂಚಿಕೆ ನಮ್ಮ ಮನೆಯ ಬಾಗಿಲಿಗೆ ಬರದ ಹಾಗೆ ನಾನು ನೋಡಿಕೊಳ್ಳುತ್ತೇನೆ. ಕಾರ್ಯದರ್ಶಿಗಳು ಇದನ್ನು ಹಾಕಿದರೆ ತಾನೇ ಆ ಮಾತು. ಇದನ್ನೆಲ್ಲ ಬರೆಯಲೇ ಎಂದು ಕೇಳಿದಾಗ "ಬರಿ ಕಣಮ್ಮಾ, ಹೆಸರೊಂದು ಬೇಡ" ಎಂದು ಆಕೆಯೇ ಹೇಳಿದ್ದರಿಂದ ಹೆಸರು ಹಾಕಿಲ್ಲ.

ಅಪ್ಪ ಎದ್ದು ಬಂದರು. ಆಕೆಯನ್ನು ನೋಡಿ ಗಾಬರಿಯಾಗಿ ಪಂಚೆ ಸರಿಮಾಡಿಕೊಂಡು ಕ್ಷೇಮ ಸಮಾಚಾರ ಕೇಳಿದರು. ಆಕೆ ನಿಂತುಕೊಂಡೇ, "ಮೇಷ್ಟ್ರೇ, ನಿಮ್ಮ ವಾಲ್ವ್ ನೀಲಿ ಇತ್ತು. ನಾನು ಬಾಗಿಲಲ್ಲಿ ನಿಂತು ಕಣ್ಣಾರೆ ನೋಡಿದೀನಿ" ಎಂದರು.

ಅಪ್ಪ ಕುರ್ಚಿಯ ಬೆನ್ನು ಹಿಡಿದುಕೊಂಡರು. "ಮತ್ತೆ ಸಾರ್ ನೇರಳೆ ಅಂದ್ರಲ್ಲಮ್ಮಾ?"

"ಅವರಿಗೆ ಬಣ್ಣ ಕಾಣ್ತಿರ್ಲಿಲ್ಲ ಮೇಷ್ಟ್ರೇ."

ಮೂವತ್ತು ನಲವತ್ತು ವರ್ಷ ಸೆರಗಿನಲ್ಲಿ ಮುಚ್ಚಿಟ್ಟುಕೊಂಡ ಮಾತನ್ನು ಆಕೆ ಇಷ್ಟು ಸಣ್ಣ ದನಿಯಲ್ಲಿ ಹೇಳಿಬಿಟ್ಟರು. ಗಂಡನ ಮರ್ಯಾದೆಯನ್ನು ನಮ್ಮ ಹಾಲ್‌ನಲ್ಲಿ ಕಳಚಿಟ್ಟು ಹಾಗೇ ನಿಂತಿದ್ದರು. ಅಪ್ಪ ಆ ಕುರ್ಚಿಯನ್ನು ಆಕೆಯ ಕಡೆಗೆ ಸರಿಸಿ, "ಪಾಪ" ಎಂದರು. ಅದು ಅಪ್ಪನ ಸ್ವಭಾವ. ನಾನು ಪಾಪ ಅನ್ನಲಿಲ್ಲ, ಈಗಲೂ ಅನ್ನುವುದಿಲ್ಲ. ಕಣ್ಣಿಗೆ ಕಾಣದ್ದು ಯಾರ ತಪ್ಪೂ ಅಲ್ಲ. ಕಾಣುವವನ ಕಣ್ಣಿನ ಮೇಲೆ ಕಲ್ಲು ಹಾಕಿದ್ದು ಅವರದೇ ತಪ್ಪು.

ಅಪ್ಪ ಬೀರು ತೆಗೆದು ಕಾಲುಚೀಲ ತಂದರು. ಒಂದು ಕಡೆಯ ಹೊಸ ವಾಲ್ವ್ ತೆಗೆದು ಹಳೆಯದನ್ನು ಕೂರಿಸಿದರು. ನಾನು ಹೋಗಿ ಕಿಟಕಿಯ ಪರದೆ ಎಳೆದೆ. ನಾಗಸ್ವರ ಏಳುವ ಹೊತ್ತಿಗೆ ಬಲಗಡೆ ಬರೀ ಕೆಂಡ, ಎಡಗಡೆ ನೀಲಿ. ಆಕೆ ಹತ್ತಿರ ಬಂದು ಬಗ್ಗಿ ನೋಡಿದರು. ಅಷ್ಟು ವರ್ಷ ನೋಡಿದ್ದೆಲ್ಲ ಬಾಗಿಲಿನಿಂದಲೇ, ಹೀಗೆ ಹತ್ತಿರದಿಂದ ನೋಡಿದ್ದೇ ಇಲ್ಲವಂತೆ.

"ನೀಲಿ" ಎಂದರು, ಜೋರಾಗಿ.

"ಬರೀ ನೀಲಿ ಅಲ್ಲಮ್ಮಾ" ಎಂದರು ಅಪ್ಪ. "ಅಂಚಲ್ಲಿ ನೋಡಿ, ಚೂರು ಹಸಿರು ಸೇರ್ಕೊಂಡಿದೆ. ಅದಕ್ಕೇ ನಂಗೆ ಅವತ್ತು ಕಲಸೋಕೆ ಬಂದಿರ್ಲಿಲ್ಲ." ದನಿ ಹಳೇ ಮೇಷ್ಟ್ರದು, ಮೊದಲ ಬೆಂಚಿನ ಹುಡುಗರಿಗೆ ಹೇಳುವ ಹಾಗೆ. ನಾನು ಮುಖ ತಿರುಗಿಸಿಕೊಂಡು ಕಣ್ಣು ಒರೆಸಿಕೊಂಡೆ.

ಅಪ್ಪನಿಗೆ ಆಗ ಉಪಚಾರದ ನೆನಪಾಯಿತು. "ಏನೇ ನೀನು, ನಿಂತೇ ಇದೀಯಲ್ಲ! ಬಿಸಿಲಲ್ಲಿ ಬಂದಿದಾರೆ, ಒಂದು ಲೋಟ ಮಜ್ಜಿಗೆ ತಾರೇ ಅವರಿಗೆ" ಎಂದರು.

ಆಕೆ ನನ್ನ ಮುಖ ನೋಡಿದರು. ನಾನು ಆಕೆಯ ಮುಖ ನೋಡಿದೆ. ಎಡಗಡೆ ಆ ನೀಲಿ ನಾಗಸ್ವರದ ಜೊತೆ ಏರಿ ಇಳಿಯುತ್ತಿತ್ತು.

"ಬೇಡ ಮೇಷ್ಟ್ರೇ" ಎಂದರು ಆಕೆ. "ಕಾಫಿನೇ ಕೊಡಮ್ಮಾ."